ಪಲಕ ಹಲಗೆಯಾಯಿತು, ಹಲಗೆ ಪಿನ್‌ಬಾಲ್ ಆಯಿತು!

ವಿಶಾಖಪಟ್ಟಣ: 2024ರ ನವೆಂಬರ್ ತಿಂಗಳ ಮೊದಲ ಭಾನುವಾರ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಮಾರಂಭ. ವೇದಿಕೆಯ ಮೇಲೆ ಗಣ್ಯರ ಭಾಷಣ ನಡೆದಿತ್ತು. ಸಭಾಂಗಣದ ಹಿಂದಿನ ಮೂಲೆಯಲ್ಲಿ ಮಾತ್ರ ಬೇರೆಯೇ ಗದ್ದಲ. ಹದಿನೈದಿಪ್ಪತ್ತು ಮಕ್ಕಳು ಒಂದು ಹಲಗೆಯ ಸುತ್ತ ಮುತ್ತಿಕೊಂಡು ‘ಅದು ಆರು’, ‘ಅಲ್ಲ, ಏಳು’ ಎಂದು ಜಗಳವಾಡುತ್ತಿದ್ದರು. ಗೋಲಿ ಹೋಗಿ ಬಿದ್ದ ಗುಳಿಯ ಪಕ್ಕದಲ್ಲಿ ಬರೆದಿದ್ದುದು ‘೬೦’. ಅದು ಅರವತ್ತೋ ಎಪ್ಪತ್ತೋ ಎಂಬುದರ ಮೇಲೆ ಗೆಲುವು ನಿಂತಿತ್ತು. ಕೊನೆಗೆ ಒಬ್ಬ ಹುಡುಗಿ ಅಡುಗೆ ಉಸ್ತುವಾರಿಯಲ್ಲಿದ್ದ ತನ್ನ ತಾಯಿಯನ್ನು ಬಿಸಿಬೇಳೆಬಾತಿನ ಪಾತ್ರೆಯ ಬಳಿಯಿಂದಲೇ ಎಳೆದು ತಂದು ತೀರ್ಪು ಕೇಳಿದಳು. ಕನ್ನಡ ಅಂಕಿಗಳಿಗಾಗಿ ಮಕ್ಕಳು ಕಾದಾಡಿದ್ದನ್ನು ಸಂಘದಲ್ಲಿ ನಾನು ಕಂಡಿದ್ದು ಅದೇ ಮೊದಲು.

ಆ ಹಲಗೆ ನಾನು ಮತ್ತು ನನ್ನ ಮೊಮ್ಮಗ ಸೇರಿ ಮಾಡಿದ ಪಿನ್‌ಬಾಲ್ ಯಂತ್ರ. ‘ಎಲ್ಲಿಂದ ತರಿಸಿದಿರಿ?’, ‘ಎಷ್ಟಾಯಿತು?’, ‘ನಮ್ಮ ಹುಡುಗನಿಗೂ ಒಂದು ಮಾಡಿಕೊಡುತ್ತೀರಾ?’ ಎಂದು ಅಂದು ಕೇಳಿದವರು ಹಲವರು. ಮಾಡಿಕೊಡುವ ಶಕ್ತಿ ನನಗಿಲ್ಲ. ಆದರೆ ಏನೇನು ತಪ್ಪು ಮಾಡಿದೆವು ಎಂಬುದನ್ನು ಹೇಳಬಲ್ಲೆ. ಹೊಸದಾಗಿ ಕೈಹಾಕುವ ಸದಸ್ಯ ಬಾಂಧವರಿಗೆ ಅದರಿಂದಲೇ ಹೆಚ್ಚು ಉಪಯೋಗ.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದೆ ಎಂದರೆ ಜನ ನನ್ನನ್ನು ಯಂತ್ರತಜ್ಞನೆಂದೇ ತಿಳಿಯುತ್ತಾರೆ. ನಾನಿದ್ದುದು ಲೆಕ್ಕಪತ್ರ ವಿಭಾಗದಲ್ಲಿ. ಕಾರ್ಖಾನೆಯ ವಸತಿ ಬಡಾವಣೆಯ ಹೆಸರು ಉಕ್ಕುನಗರಂ. ‘ಉಕ್ಕು’ ತೆಲುಗಿನಲ್ಲೂ ಉಕ್ಕೇ, ಕನ್ನಡದಲ್ಲೂ ಉಕ್ಕೇ. ಆ ಊರಿನಲ್ಲಿ ಅಷ್ಟು ವರ್ಷ ಇದ್ದೂ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದವನು ನಾನು. ಕ್ಯಾಲೆಂಡರ್ ನೇತುಹಾಕುವ ಕೆಲಸ ನಮ್ಮ ಮನೆಯವರದು.

ಎರಡೇ ಬೇಸಿಗೆ

ಮಗಳನ್ನು ವಿಜಯವಾಡದ ತೆಲುಗು ಕುಟುಂಬಕ್ಕೆ ಕೊಟ್ಟಿದ್ದೇವೆ. ಅಳಿಯಂದಿರು ಸಜ್ಜನರು. ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ನಾನು ಹುಬ್ಬಳ್ಳಿ ಕಡೆಯ ಮಾತಿನಲ್ಲಿ ಏನಾದರೂ ಕೇಳಿದರೆ ಅವನು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ. ನನಗೆ ‘ತಾತಯ್ಯ’, ನಮ್ಮ ಮನೆಯವರಿಗೆ ‘ಅಮ್ಮಮ್ಮ’. ಬೆಂಗಳೂರು, ಮೈಸೂರಿನವರಿಗೆ ತಾತ ಎಂದರೆ ಪರಕೀಯವಲ್ಲ. ಆದರೆ ‘ಅಜ್ಜ’ ಎನಿಸಿಕೊಳ್ಳಬೇಕೆಂದು ಕಾದಿದ್ದ ನನ್ನಂಥವನಿಗೆ ಅದು ಸ್ವಲ್ಪ ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ?

ಹೊರನಾಡಿನಲ್ಲಿರುವ ನಮ್ಮೆಲ್ಲರ ಮನೆಯ ಕಥೆಯೇ ಇದು. ಆದರೆ ವಿಜಯವಾಡದಲ್ಲಿ ಇನ್ನೊಂದು ಸಂಗತಿಯಿದೆ. ಅದು ಕೋಚಿಂಗ್ ಕಾಲೇಜುಗಳ, ಹಾಸ್ಟೆಲುಗಳ ಊರು. ಎಂಟನೆಯ ತರಗತಿ ಮುಗಿಯಿತೆಂದರೆ ಮಕ್ಕಳಿಗೆ ‘ಫೌಂಡೇಶನ್’ ತರಗತಿ. ಆಮೇಲೆ ಇಂಟರ್, ಅದಕ್ಕೆ ಹಾಸ್ಟೆಲು. ಬೇಸಿಗೆ ರಜೆ ಎಂಬುದು ಅಲ್ಲಿಗೆ ಮುಗಿಯಿತು. 2023ರ ಏಪ್ರಿಲ್‌ನಲ್ಲಿ ಆರನೆಯ ತರಗತಿ ಮುಗಿಸಿ ಅವನು ನಮ್ಮಲ್ಲಿಗೆ ಬಂದಾಗ ಲೆಕ್ಕದ ಮನುಷ್ಯನಾದ ನಾನು ಬೆರಳೆಣಿಸಿದೆ. ನಮ್ಮ ಪಾಲಿಗೆ ಉಳಿದಿದ್ದುದು ಎರಡೇ ಬೇಸಿಗೆ.

ಬಂದವನು ಮೊದಲ ಮೂರು ದಿನ ಮೊಬೈಲಿನಿಂದ ತಲೆ ಎತ್ತಲಿಲ್ಲ. ಇಣುಕಿ ನೋಡಿದರೆ ಅದರಲ್ಲೊಂದು ಪಿನ್‌ಬಾಲ್ ಆಟ. ಗುಂಡು ಚಿಮ್ಮುತ್ತದೆ, ಅಲ್ಲಿ ಇಲ್ಲಿ ಬಡಿಯುತ್ತದೆ, ಕೆಳಗೆ ಬೀಳುವಾಗ ಎರಡು ರೆಕ್ಕೆಗಳು ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ‘ಇಂಥದ್ದೇ ಒಂದು ಹಲಗೆ ನಾವು ಚಿಕ್ಕವರಿದ್ದಾಗ ಆಡುತ್ತಿದ್ದೆವು’ ಎಂದೆ. ಅವನು ನಂಬಲಿಲ್ಲ. ನಮ್ಮ ವಯಸ್ಸಿನ ಓದುಗರಿಗೆ ನೆನಪಿರಬಹುದು: ಬ್ಯಾಗಟೆಲ್ ಎಂಬ ಉದ್ದನೆಯ ಹಲಗೆ, ಮೇಲ್ತುದಿ ಕಮಾನಿನಂತೆ ದುಂಡಗೆ, ತುಂಬ ಮೊಳೆಗಳು, ನಡುವೆ ಅಂಕಗಳ ಮನೆಗಳು, ಬಲಗಡೆ ಸ್ಪ್ರಿಂಗಿನ ಕಡ್ಡಿ. ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹೋಗಿ, ಮೊಳೆಗಳ ನಡುವೆ ಟಕಟಕ ಎನ್ನುತ್ತ ಇಳಿದು ಯಾವುದೋ ಮನೆ ಸೇರುತ್ತಿತ್ತು. ‘ಹಾಗಾದರೆ ಮಾಡೋಣವೇ?’ ಎಂದು ಅವನೇ ಕೇಳಿದ, ತೆಲುಗಿನಲ್ಲಿ. ಆಗಲಿ ಎಂದುಬಿಟ್ಟೆ. ನಮ್ಮ ಮನೆಯವರು ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು.

ಇತಿಹಾಸದ ದಾರಿಯಲ್ಲೇ ನಡೆದೆವು

ಮೊದಲು ಒಂದಿಷ್ಟು ಓದಿಕೊಂಡೆ. ನಾವು ಮಾಡಿದ ಒಂದೇ ಜಾಣ ಕೆಲಸ ಅದು. ಬ್ಯಾಗಟೆಲ್ 18ನೇ ಶತಮಾನದ ಫ್ರಾನ್ಸಿನ ಶ್ರೀಮಂತರ ಆಟ. ಆಗ ಬಿಲಿಯರ್ಡ್ಸ್‌ನಂತೆ ಕೋಲಿನಿಂದ ಗುಂಡನ್ನು ತಳ್ಳುತ್ತಿದ್ದರು. ಕೋಲಿನ ಬದಲು ಸ್ಪ್ರಿಂಗಿನ ಕಡ್ಡಿಯನ್ನು ಅಳವಡಿಸಿ 1871ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್. 1931ರಲ್ಲಿ ಡೇವಿಡ್ ಗಾಟ್ಲೀಬ್ ಎಂಬಾತ ‘ಬ್ಯಾಫಲ್ ಬಾಲ್’ ಎಂಬ, ನಾಣ್ಯ ಹಾಕಿ ಆಡುವ ಪೆಟ್ಟಿಗೆ ತಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದು ಅಗ್ಗದ ಮನರಂಜನೆಯಾಗಿ ಹಬ್ಬಿತು. ಆಗಲೂ ರೆಕ್ಕೆಗಳಿರಲಿಲ್ಲ. ಗುಂಡು ಬಿಟ್ಟ ಮೇಲೆ ಆಟಗಾರ ಮಾಡುವುದೇನೂ ಇರಲಿಲ್ಲ. ಪೆಟ್ಟಿಗೆಯನ್ನು ಕುಲುಕುವುದೊಂದೇ ದಾರಿ.

ಆದ್ದರಿಂದಲೇ ಇದು ಜೂಜು ಎಂದು 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ನಿಷೇಧಿಸಿದರು. ಪೆಟ್ಟಿಗೆಗಳನ್ನು ಸುತ್ತಿಗೆಯಿಂದ ಒಡೆಸಿದರು. ಐದು ವರ್ಷಗಳ ನಂತರ, 1947ರಲ್ಲಿ, ಗಾಟ್ಲೀಬ್ ಕಂಪೆನಿಯ ಹ್ಯಾರಿ ಮ್ಯಾಬ್ಸ್ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ವಿದ್ಯುತ್ತಿನಿಂದ ಏಳುವ ಆರು ರೆಕ್ಕೆಗಳನ್ನು ಜೋಡಿಸಿದ. ಇವೇ ಫ್ಲಿಪ್ಪರ್‌ಗಳು. ಮರುವರ್ಷ ಸ್ಟೀವ್ ಕೋರ್ಡೆಕ್ ‘ಆರೇಕೆ, ಎರಡು ಸಾಕು’ ಎಂಬಂತೆ ತಳದಲ್ಲಿ ಎರಡನ್ನೇ ಇಟ್ಟ. ಗುಂಡು ಈಗ ಆಟಗಾರನ ಕೈಗೆ ಬಂತು. ಆದರೂ ನ್ಯೂಯಾರ್ಕಿನ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಯುವಕ ನಗರಸಭೆಯವರ ಮುಂದೆ ಗುಂಡು ಇಂಥ ಸಂದಿಯಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ, ಕಡ್ಡಿ ಎಳೆದು ಹಾಗೆಯೇ ಇಳಿಸಿ ತೋರಿಸಿದ. ಅದರಲ್ಲಿ ಅದೃಷ್ಟದ ಪಾಲೂ ಇತ್ತೆಂದು ಮುಂದೆ ಅವನೇ ಒಪ್ಪಿಕೊಂಡದ್ದು ಬೇರೆ ಮಾತು.

ಇದನ್ನೆಲ್ಲ ಓದಿದಾಗ ನನಗೆ ಹೊಳೆದದ್ದು ಇಷ್ಟು. ಯಂತ್ರ ಯಾವ ಕ್ರಮದಲ್ಲಿ ಬೆಳೆಯಿತೋ ಅದೇ ಕ್ರಮದಲ್ಲಿ ನಾವೂ ಮಾಡಬೇಕು. ಮೊದಲು ಮೊಳೆ, ಆಮೇಲೆ ಸ್ಪ್ರಿಂಗ್, ಆಮೇಲೆ ರೆಕ್ಕೆ, ಕೊನೆಗೆ ವಿದ್ಯುತ್ತು. ಅಂತರ್ಜಾಲ ನೋಡಿ ಮೊದಲ ದಿನವೇ ವಿದ್ಯುತ್ತು, ದೀಪ, ಕಂಪ್ಯೂಟರ್ ಚಿಪ್ಪು ಎಂದು ಹೊರಟರೆ ಅರ್ಧಕ್ಕೇ ಕೈಬಿಡುವುದು ಖಂಡಿತ. ಹೀಗೆ ಮಾಡಿದರೆ ಎಲ್ಲಿ ನಿಲ್ಲಿಸಿದರೂ ಆಡಲು ಒಂದು ಆಟವಂತೂ ಇರುತ್ತದೆ.

ಮೊಳೆಯ ಪಾಠ

ಪೂರ್ಣಾ ಮಾರ್ಕೆಟ್ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡಡಿ ಅಗಲ, ಮೂರಡಿ ಉದ್ದದ 12 ಮಿ.ಮೀ. ಪ್ಲೈವುಡ್ ತಂದೆವು. ಅಂಚಿಗೆ ರೀಪರು, ಒಂದಿಂಚಿನ ಸಣ್ಣ ತಲೆಯ ಮೊಳೆ, ನಾಲ್ಕಿಂಚಿನ ಗಟ್ಟಿ ಸ್ಪ್ರಿಂಗ್. ಗೋಲಿ ಮನೆಯಲ್ಲೇ ಇತ್ತು. ಅಂಗಡಿಯಲ್ಲಿ ಹುಡುಗ ‘ಪಲಕ’ ಎಂದು ಕೇಳಿದ. ನಾನು ‘ಹಲಗೆ’ ಎಂದೆ. ‘ಎರಡೂ ಒಂದೇ ಕಣೋ, ಪ ತೆಗೆದು ಹ ಹಾಕು’ ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಆದರೆ ಆಟೋದಲ್ಲಿ ಮನೆ ಸೇರುವಷ್ಟರಲ್ಲಿ ಅವನು ಅದನ್ನೇ ಆಟ ಮಾಡಿಕೊಂಡಿದ್ದ. ಪಾಲು, ಹಾಲು. ಪುಲಿ, ಹುಲಿ. ಪಾಮು, ಹಾವು. ಪಂದಿ, ಹಂದಿ. ಪುವ್ವು, ಹೂವು. ಹಳಗನ್ನಡದಲ್ಲಿ ನಮ್ಮದೂ ‘ಪ’ಕಾರವೇ ಆಗಿತ್ತು, ಪಾಲ್, ಪುಲಿ, ಪಂದಿ ಎಂದೇ ಇತ್ತು, ನಾವು ಮುಂದೆ ಬದಲಾಯಿಸಿಕೊಂಡೆವು, ತೆಲುಗಿನವರು ಹಾಗೇ ಉಳಿಸಿಕೊಂಡರು ಎಂದು ಹೇಳಿದೆ. ಆ ರಾತ್ರಿ ಊಟಕ್ಕೆ ಕುಳಿತವನು ‘ಅಮ್ಮಮ್ಮಾ, ಇನ್ನೂ ಸ್ವಲ್ಪ ಹಪ್ಪು’ ಎಂದ. ಪಪ್ಪು ಎಂದರೆ ತೆಲುಗಿನಲ್ಲಿ ಬೇಳೆ. ಎಲ್ಲ ಬೀಗಕ್ಕೂ ಒಂದೇ ಕೀಲಿಯಲ್ಲ ಎಂದು ತಿಳಿಸುವುದರೊಳಗೆ ನಮ್ಮ ಮನೆಯವರು ನಕ್ಕೂ ನಕ್ಕೂ ತೊವ್ವೆಯ ಸೌಟು ಕೆಳಗಿಟ್ಟಿದ್ದರು.

ಕೆಲಸಕ್ಕೆ ಬರೋಣ. ಮಹಡಿಯ ಮೇಲೆ ಸಂಜೆ ಐದರ ನಂತರ ಕೂರುತ್ತಿದ್ದೆವು. ಅದಕ್ಕೂ ಮುಂಚೆ ವೈಜಾಗಿನ ಮೇ ತಿಂಗಳ ಬಿಸಿಲಿನಲ್ಲಿ ಸುತ್ತಿಗೆಯ ಕಬ್ಬಿಣ ಕೈಸುಡುತ್ತದೆ. ಮೊದಲ ಸಂಜೆ ಅಂದಾಜಿನ ಮೇಲೆ ಎಂಬತ್ತು ಮೊಳೆ ಬಡಿದೆವು. ಗೋಲಿ ಬಿಟ್ಟರೆ ಹತ್ತಕ್ಕೆ ಆರು ಸಲ ನಡುವೆಯೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಕಾರಣ ಸರಳ. ಗೋಲಿಯ ಅಡ್ಡಳತೆ 16 ಮಿ.ಮೀ.; ನಮ್ಮ ಮೊಳೆಗಳ ನಡುವಿನ ಸಂದಿ ಕೆಲವೆಡೆ 15, ಕೆಲವೆಡೆ 17. ಸಂದಿ ಗೋಲಿಯ ಒಂದೂವರೆ ಪಟ್ಟಾದರೂ, ಎಂದರೆ 24 ಮಿ.ಮೀ. ಇರಬೇಕು, ಬೇಡವಾದರೆ ಗೋಲಿ ನುಸುಳದಷ್ಟು ಹತ್ತಿರ ಹತ್ತಿರ ಹೊಡೆದು ಗೋಡೆಯನ್ನೇ ಕಟ್ಟಬೇಕು. ಎಂಬತ್ತರಲ್ಲಿ ಐವತ್ತು ಕಿತ್ತೆವು. ಕಿತ್ತ ತೂತುಗಳಿಗೆ ಮರದ ಹೊಟ್ಟು, ಫೆವಿಕಾಲ್ ಕಲಸಿ ತುಂಬಿದೆವು. ಎರಡನೆಯ ಸಲ ಮೊಳೆ ಹೊಡೆಯುವ ಮೊದಲು ರಟ್ಟಿನ ಮೇಲೆ ಗುಂಡುಪಿನ್ನು ಚುಚ್ಚಿ ಗೋಲಿ ಬಿಟ್ಟು ನೋಡಿದೆವು. ಆ ಬುದ್ಧಿ ಮೊದಲೇ ಬಂದಿದ್ದರೆ!

ಎರಡನೆಯ ತಪ್ಪು ಮೇಲ್ತುದಿಯದು. ನಮ್ಮ ಹಲಗೆಯ ಮೂಲೆ ಚೌಕವಾಗಿತ್ತು. ಬಲಗಡೆಯ ಓಣಿಯಿಂದ ಚಿಮ್ಮಿದ ಗೋಲಿ ಮೂಲೆಗೆ ಬಡಿದು ಬಂದ ದಾರಿಯಲ್ಲೇ ವಾಪಸು. ಅಲ್ಲಿ ಕಮಾನು ಬೇಕೇ ಬೇಕು. ಬಿದಿರಿನ ತೆಳ್ಳನೆಯ ಸೀಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಗ್ಗಿಸಿ ಮೊಳೆಗಳ ಆಸರೆಯಲ್ಲಿ ಕೂರಿಸಿದೆವು. ಓಣಿಯ ಬಾಯಿಗೆ ಪಿನ್ನಿನ ತಂತಿಯಿಂದ ಒಂದೇ ಕಡೆ ತೆರೆಯುವ ಸಣ್ಣ ಬಾಗಿಲು ಮಾಡಿದೆವು. ಗೋಲಿ ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ.

ಇನ್ನು ಇಳಿಜಾರು. ದೊಡ್ಡ ಯಂತ್ರಗಳಲ್ಲಿ ಅದು ಸುಮಾರು ಆರೂವರೆ ಡಿಗ್ರಿ ಇರುತ್ತದೆ. ಅವುಗಳ ಉಕ್ಕಿನ ಗುಂಡು 27 ಮಿ.ಮೀ. ಅಡ್ಡಳತೆಯದು, 80 ಗ್ರಾಂ ತೂಕದ್ದು. ನಮ್ಮ ಗಾಜಿನ ಗೋಲಿ ಐದೇ ಗ್ರಾಂ. ಮೂರಡಿ ಹಲಗೆಯ ಮೇಲ್ತುದಿಗೆ ಮೂರಿಂಚು ಎತ್ತರ ಕೊಟ್ಟೆವು. ಭಾರದ ಗುಂಡು ಬೇಗ ಉರುಳುತ್ತದೆ ಎಂದು ಹುಡುಗ ಪಂದ್ಯ ಕಟ್ಟಿದ. ಬೇರಿಂಗಿನಿಂದ ತೆಗೆದ ಉಕ್ಕಿನ ಗುಂಡನ್ನೂ ಗೋಲಿಯನ್ನೂ ಖಾಲಿ ಹಲಗೆಯ ಮೇಲೆ ಒಟ್ಟಿಗೆ ಬಿಟ್ಟೆವು. ಎರಡೂ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಒಟ್ಟಿಗೇ ಕೆಳಗೆ ಬಂದವು. ಐದಾರು ಸಲ ಬಿಟ್ಟು ನೋಡಿದ, ಒಪ್ಪಲೇ ಇಲ್ಲ. ಗಟ್ಟಿ ಗುಂಡುಗಳು ಉರುಳುವ ವೇಗಕ್ಕೂ ತೂಕಕ್ಕೂ ಸಂಬಂಧವಿಲ್ಲ; ತೂಕ ಲೆಕ್ಕಕ್ಕೆ ಬರುವುದು ರೆಕ್ಕೆ ಅದನ್ನು ಹೊಡೆಯುವಾಗ. ಅವನು ಹಲಗೆಗೆ ಸುರಿದ ಕೇರಂ ಪೌಡರನ್ನು ಒರೆಸಲು ಮಾತ್ರ ಅರ್ಧ ದಿನ ಹಿಡಿಯಿತು. ಜಾರುವ ಕಾಯಿಗೆ ಪೌಡರು ಬೇಕು, ಉರುಳುವ ಗೋಲಿಗೆ ಬೇಡ.

ಏಟಿಕೊಪ್ಪಾಕದಲ್ಲಿ ಚನ್ನಪಟ್ಟಣ

ಸ್ಪ್ರಿಂಗಿನ ಕಡ್ಡಿಗೆ ಒಂದು ಹಿಡಿ ಬೇಕಿತ್ತು. ಆ ನೆಪದಲ್ಲಿ ಏಟಿಕೊಪ್ಪಾಕಕ್ಕೆ ಹೋದೆವು. ವಿಶಾಖಪಟ್ಟಣದಿಂದ 65 ಕಿ.ಮೀ. ಆಸುಪಾಸು, ವರಾಹ ನದಿಯ ದಡದ ಊರು; 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಇಲ್ಲಿನ ಅರಗಿನ ಗೊಂಬೆಗಳಿಗೆ 2017ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಸ್ಯಜನ್ಯ ಬಣ್ಣಗಳನ್ನು ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರ ಗಣರಾಜ್ಯೋತ್ಸವದಲ್ಲಿ ದಿಲ್ಲಿಯ ಕರ್ತವ್ಯಪಥದಲ್ಲಿ ಸಾಗಿದ ಆಂಧ್ರದ ಸ್ತಬ್ಧಚಿತ್ರವೂ ಈ ಗೊಂಬೆಗಳದೇ.

ಕುಶಲಕರ್ಮಿಯೊಬ್ಬರು ನಮ್ಮೆದುರೇ ಒಂದು ತುಂಡು ಮರವನ್ನು ಚರಕಿಗೆ ಕೊಟ್ಟು ಕಡೆದರು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ಕೇದಗೆಯ ಎಲೆ ಒತ್ತಿ ಹೊಳಪು. ‘ಇದು ಅಂಕುಡು ಕರ್ರ’ ಎಂದರು. ಕರ್ರ ಎಂದರೆ ಮರ. ನಾವು ಕನ್ನಡದವರು ಎಂದು ತಿಳಿದದ್ದೇ ‘ಚನ್ನಪಟ್ಟಣಮಾ?’ ಎಂದು ಕೇಳಿದರು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರವೂ ಈ ಅಂಕುಡೂ ಒಂದೇ ಜಾತಿ. ನಮ್ಮ ಕರಾವಳಿಯ ಬಂಧುಗಳು ಇದನ್ನು ಆಟಿ ಅಮಾವಾಸ್ಯೆಯಂದು ಕಷಾಯ ಕುಡಿಯುವ ಪಾಲೆ ಮರವೆಂದು ತಿಳಿಯಬಾರದು. ಅದು ಇದೇ ಕುಟುಂಬದ ಬೇರೆ ಮರ. ಹುಡುಗ ಮಾತ್ರ ಅದನ್ನೂ ಬಿಡಲಿಲ್ಲ. ತುಳುವಿನ ಪಾಲೆ ಕನ್ನಡದಲ್ಲಿ ಹಾಲೆ ಎಂದು ಕೇಳಿ ‘ಅಲ್ಲೂ ಪ ಹೋಗಿ ಹ!’ ಎಂದು ಕುಣಿದ.

ಅರಿಸಿನ ಬಣ್ಣದ ಹಿಡಿ ಸಿದ್ಧವಾಯಿತು. ಯಂತ್ರದಲ್ಲಿ ಇಂದಿಗೂ ಒಮ್ಮೆಯೂ ಕೈಕೊಡದ ಭಾಗ ಅದೊಂದೇ. ಅದು ನಾವು ಮಾಡಿದ್ದಲ್ಲ ಎಂಬುದನ್ನು ಗಮನಿಸಬೇಕು.

ದಸರೆಗೆ ಕೊಂಡಪಲ್ಲಿ

ಆ ವರ್ಷ ದಸರೆಗೆ ನಾವು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದೆವು, 350 ಕಿ.ಮೀ. ಹಾದಿ. ಇಂದ್ರಕೀಲಾದ್ರಿಯ ಕನಕದುರ್ಗೆಯ ದರ್ಶನ ಮುಗಿಸಿ ಮರುದಿನ ಕೊಂಡಪಲ್ಲಿಗೆ. ನಮ್ಮಲ್ಲಿ ಗೊಂಬೆ ಕೂರಿಸಿದಂತೆ ತೆಲುಗು ಮನೆಗಳಲ್ಲಿ ಬೊಮ್ಮಲ ಕೊಲುವು ಇಡುತ್ತಾರೆ, ಅದಕ್ಕೆ ಕೊಂಡಪಲ್ಲಿಯ ದಶಾವತಾರ, ಅಂಬಾರಿ ಆನೆ, ತಾಳೆಮರ ಹತ್ತುವವನು ಇರಲೇಬೇಕು. ಇಲ್ಲಿನ ಮರ ತೆಲ್ಲ ಪೊಣಿಕಿ. ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ. ಏಟಿಕೊಪ್ಪಾಕದಂತೆ ಚರಕಿಯಲ್ಲಿ ಕಡೆಯುವುದಿಲ್ಲ. ಕೈ, ಕಾಲು, ಸೊಂಡಿಲು ಎಲ್ಲವನ್ನೂ ಬೇರೆಬೇರೆ ಕೆತ್ತಿ, ಹುಣಿಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ.

ಬೊಮ್ಮಲ ಕಾಲೊನಿಯಲ್ಲಿ ಹುಡುಗ ಆರಿಸಿಕೊಂಡದ್ದು ಹುಲಿ, ಹಾವು, ಹಂದಿ ಮತ್ತು ಒಂದು ಹೂವು. ಹಂದಿ ಸಿಕ್ಕಿದ್ದು ವರಾಹಾವತಾರದ ರೂಪದಲ್ಲಿ. ಅದನ್ನು ಗೋಲಿಗೆ ಗುರಿ ಮಾಡುವುದು ಬೇಡ ಎಂದು ಮಗಳು ಹಟ ಹಿಡಿದಳು. ಸರಿ, ವರಾಹಸ್ವಾಮಿ ಪೆಟ್ಟಿಗೆಯ ನೆತ್ತಿಯ ಮೇಲೆ ಕುಳಿತರು. ಹಂದಿಯನ್ನು ನಾವೇ ರಟ್ಟಿನಲ್ಲಿ ಕತ್ತರಿಸಿದೆವು. ಪೊಣಿಕಿ ತುಂಬ ಮೆದು, ಉಕ್ಕಿನ ಗುಂಡು ಬಡಿದರೆ ನೆಗ್ಗುತ್ತದೆ. ಆದ್ದರಿಂದ ಪ್ರತಿ ಪ್ರಾಣಿಯ ಮುಂದೆ ಎರಡು ಮೊಳೆ, ಅವುಗಳಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉಂಗುರ. ಗುಂಡು ಅದಕ್ಕೆ ಬಡಿದು ಪುಟಿಯುತ್ತದೆ, ಪ್ರಾಣಿ ಸುರಕ್ಷಿತ. ಪಕ್ಕದಲ್ಲಿ ಹೆಸರು ಬರೆಯಲು ಕನ್ನಡ ಅಕ್ಷರ ಕೇಳಿದ. ಬರೆದು ಕೊಟ್ಟೆ, ಅವನು ಅದರ ಮೇಲೆ ಬಣ್ಣ ತಿದ್ದಿದ. ತೆಲುಗು ಬಲ್ಲವನಿಗೆ ಕನ್ನಡ ಲಿಪಿ ಎಷ್ಟು ಹೊತ್ತು? ಅಂಕಗಳನ್ನೂ ಕನ್ನಡದಲ್ಲೇ ಬರೆಯಬೇಕೆಂದದ್ದು ಅವನು, ನಾನಲ್ಲ. ಅಪ್ಪನಿಗೆ ಓದಲು ಬಾರದಿರಲಿ ಎಂಬುದು ಅವನ ಉದ್ದೇಶ!

ಅಳಿಯಂದಿರಿಗೆ ಇದೆಲ್ಲ ಅಷ್ಟಾಗಿ ಹಿಡಿಸಿರಲಿಲ್ಲ. ‘ಮಾವಯ್ಯಗಾರು, ಓದುವ ಹುಡುಗ...’ ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಉಳಿದರ್ಧ ನನಗೂ ಗೊತ್ತಿತ್ತು.

ಸುಟ್ಟ ವಾಸನೆ

2024ರ ಬೇಸಿಗೆ ರೆಕ್ಕೆಗಳಿಗೆ ಮೀಸಲು. ಮೂರಿಂಚಿನ ಮರದ ತುಂಡು, ಅದರ ಬುಡದಿಂದ ಹಲಗೆಯ ಕೆಳಗೆ ಇಳಿಯುವ ಬೋಲ್ಟು, ಬೋಲ್ಟಿಗೆ ಅಡ್ಡ ಪಟ್ಟಿ. ಪಕ್ಕದ ಗುಂಡಿ ಒತ್ತಿದರೆ ಸೈಕಲ್ಲಿನ ಸ್ಪೋಕು ಪಟ್ಟಿಯನ್ನು ತಳ್ಳುತ್ತದೆ, ರೆಕ್ಕೆ ಏಳುತ್ತದೆ. ಕೈಬಿಟ್ಟರೆ ರಬ್ಬರ್ ಬ್ಯಾಂಡ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ವಾರದೊಳಗೆ ಬೋಲ್ಟಿನ ತೂತು ಸವೆದು ರೆಕ್ಕೆಗಳು ಕುಡಿದವರಂತೆ ತೂರಾಡತೊಡಗಿದವು. ಹಳೆಯ ಪೆನ್ನಿನ ಕೊಳವೆಯನ್ನು ತೂತಿನಲ್ಲಿ ಕೂರಿಸಿ ಅದರೊಳಗೆ ಬೋಲ್ಟು ಇಳಿಸಿದ ಮೇಲೆ ನೆಟ್ಟಗಾದವು. ಎರಡು ರೆಕ್ಕೆಗಳ ತುದಿಗಳ ನಡುವೆ ಎಷ್ಟು ಸಂದಿ? ಮೂವತ್ತು ಮಿ.ಮೀ. ಬಿಟ್ಟೆವು. ಹೆಚ್ಚಾದರೆ ಆಟ ಬೇಗ ಮುಗಿಯುತ್ತದೆ, ಕಡಿಮೆಯಾದರೆ ಮುಗಿಯುವುದೇ ಇಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಜ ಹೇಳಬೇಕೆಂದರೆ ಹೊಸಬರು ಇಲ್ಲಿಗೇ ನಿಲ್ಲಿಸುವುದು ಲೇಸು. ಅಲ್ಲಿಯವರೆಗಿನ ನಮ್ಮ ಖರ್ಚು ಎರಡು ಸಾವಿರ ರೂಪಾಯಿಗಿಂತ ಕಡಿಮೆ. ಆದರೆ ಹುಡುಗನಿಗೆ ವಿದ್ಯುತ್ತೇ ಬೇಕಿತ್ತು. ಜೂನ್‌ನಲ್ಲಿ ಅವನನ್ನು ಬಿಡಲು ವಿಜಯವಾಡಕ್ಕೆ ಹೋದಾಗ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ರೈಲಿನಲ್ಲೇ ಒಯ್ದೆವು. ಎದುರಿನವರು ಕೇರಂ ಬೋರ್ಡೆಂದು ತಿಳಿದು ಕಾಯಿ ಎಲ್ಲಿ ಎಂದು ಕೇಳಿದರು. ವಿಜಯವಾಡದ ಆಟೋನಗರದಲ್ಲಿ ವಾಹನದ ಯಾವ ಬಿಡಿಭಾಗ ಸಿಗುವುದಿಲ್ಲ ಎಂದು ಹೇಳುವುದು ಕಷ್ಟ. ಕಾರಿನ ಬಾಗಿಲಿಗೆ ತಾನಾಗಿ ಬೀಗ ಹಾಕುವ ಪುಟ್ಟ ಮೋಟಾರು ಎರಡು ತಂದೆವು. 12 ವೋಲ್ಟಿನದು, ಕಡ್ಡಿಯನ್ನು ಸುಮಾರು 2 ಸೆಂ.ಮೀ. ಹಿಂದೆ ಮುಂದೆ ಸರಿಸುತ್ತದೆ, ರೆಕ್ಕೆಗೆ ಅಷ್ಟು ಸಾಕು. ಸ್ಕೂಟರಿನ ಬ್ಯಾಟರಿ ಜೋಡಿಸಿದೆವು. ಗೋಡೆಯ ಕರೆಂಟನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಕ್ಕಳ ಕೈಗೆ ಕೊಡುವ ವಸ್ತುವಿಗೆ ಬ್ಯಾಟರಿಯೇ ಸರಿ.

ಗುಂಡಿ ಒತ್ತಿದರೆ ರೆಕ್ಕೆ ಟಪ್ ಎಂದು ಏಳುತ್ತಿತ್ತು. ಹುಡುಗ ಕುಣಿದಾಡಿದ. ನಾನು ‘ಎಷ್ಟು ಹೊತ್ತು ಎತ್ತಿ ಹಿಡಿಯುತ್ತದೆ ನೋಡೋಣ’ ಎಂದು ಗುಂಡಿ ಒತ್ತಿಯೇ ಕುಳಿತೆ. ಅರ್ಧ ನಿಮಿಷದಲ್ಲಿ ಸುಟ್ಟ ವಾಸನೆ, ಆಮೇಲೆ ಹೊಗೆ. ವೈರು ಕಿತ್ತೆಸೆಯುವಾಗ ನನ್ನ ಎರಡು ಬೆರಳು ಚುರ್ರೆಂದವು. ತಪ್ಪು ಪೂರ್ತಿ ನನ್ನದು. ತಿರುಗಲಾಗದೆ ನಿಂತ ಮೋಟಾರಿಗೆ ವಿದ್ಯುತ್ತು ಹರಿಯುತ್ತಲೇ ಇದ್ದರೆ ಅದೆಲ್ಲ ಬಿಸಿಯಾಗುವುದಲ್ಲದೆ ಇನ್ನೇನಾದೀತು? ಹುಡುಗ ಮಾತಿಲ್ಲದೆ ಒಳಗೆ ಹೋಗಿ ಮಲಗಿದ. ಮಗಳು ನನ್ನ ಬೆರಳಿಗೆ ಮುಲಾಮು ಹಚ್ಚುತ್ತ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಕುಡಿಯಲು ಎದ್ದೆ. ಹಾಲಿನಲ್ಲಿ ದೀಪ. ಅಳಿಯಂದಿರು ಯಂತ್ರವನ್ನು ಬೋರಲು ಹಾಕಿಕೊಂಡು ನೆಲದ ಮೇಲೆ ಕುಳಿತಿದ್ದರು! ಅವರು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ, ಮಾಡುವುದು ವ್ಯಾಪಾರ. ದೊಡ್ಡ ಯಂತ್ರಗಳಲ್ಲಿ ಈ ಸಮಸ್ಯೆಗೆ ಹಳೆಯ ಪರಿಹಾರವೊಂದಿದೆ. ರೆಕ್ಕೆಯ ಕಾಯಿಲಿನಲ್ಲಿ ಎರಡು ಸುತ್ತು ತಂತಿ. ಎತ್ತಿ ಹೊಡೆಯಲು ದಪ್ಪ ತಂತಿ, ಎತ್ತಿ ಹಿಡಿಯಲು ಸಣ್ಣ ತಂತಿ. ರೆಕ್ಕೆ ಪೂರ್ತಿ ಎದ್ದಾಗ ಒಂದು ಸ್ವಿಚ್ಚು ತೆರೆದುಕೊಂಡು ಸಣ್ಣ ತಂತಿಯೂ ದಾರಿಗೆ ಅಡ್ಡಬರುತ್ತದೆ, ವಿದ್ಯುತ್ತು ಕಡಿಮೆಯಾಗುತ್ತದೆ. ನಮ್ಮ ಮೋಟಾರಿಗೆ ಎರಡನೆಯ ಸುತ್ತು ಎಲ್ಲಿಂದ ತರುವುದು? ಅಳಿಯಂದಿರು ಉಳಿದಿದ್ದ ಮೋಟಾರಿನ ದಾರಿಯಲ್ಲಿ ಒಂದು ಎಲೆ-ಸ್ವಿಚ್ಚು, ಅದಕ್ಕೆ ಪಕ್ಕದ ದಾರಿಯಾಗಿ ವಾಹನದ 10 ವ್ಯಾಟಿನ ಬಲ್ಬು ಕೂರಿಸಿದ್ದರು. ರೆಕ್ಕೆ ಏಳುವವರೆಗೆ ವಿದ್ಯುತ್ತು ನೇರ ದಾರಿಯಲ್ಲಿ. ಎದ್ದ ಮೇಲೆ ಬಲ್ಬಿನ ಮೂಲಕ. ಬಲ್ಬು ತನ್ನ ಪಾಲನ್ನು ನುಂಗಿ ಉಳಿದದ್ದನ್ನಷ್ಟೇ ಮುಂದೆ ಬಿಡುತ್ತದೆ. ಒತ್ತಿ ಹಿಡಿದರೆ ಬಲ್ಬು ಹೊತ್ತಿಕೊಳ್ಳುವುದು ಬೇರೆ ಚೆಂದ. ಬ್ಯಾಟರಿಯ ಬುಡಕ್ಕೆ 5 ಆಂಪಿಯರಿನ ಫ್ಯೂಸನ್ನೂ ಹಾಕಿಸಿದರು. ಅದು ಮೊದಲೇ ಇರಬೇಕಿತ್ತು.

‘ಹುಡುಗನಿಗೆ ಹೇಳಬೇಡಿ, ಬೆಳಿಗ್ಗೆ ಅವನೇ ಒತ್ತಲಿ’ ಎಂದರು. ಇಬ್ಬರೂ ಒಂದು ಗಂಟೆಯವರೆಗೆ ಆಡಿದೆವು. ‘ಇದು ಎಷ್ಟು?’ ಎಂದು ಅವರು ಪ್ರತಿ ಅಂಕಿಗೂ ಕೇಳುವುದು, ನಾನು ಹೇಳುವುದು. ೭ ಬಂದಾಗಲೆಲ್ಲ ನಾನು ಆರು ಎಂದೆ. ಆದರೂ ಗೆದ್ದವರು ಅವರೇ.

ಇನ್ನೊಂದು ಮೋಟಾರು ತಂದು, ಅದಕ್ಕೂ ಬಲ್ಬು ಕೂರಿಸಿ, ದೀಪಾವಳಿಗೆ ಬರುವಾಗ ಯಂತ್ರವನ್ನು ತಂದರು. ಮೊದಲು ಹೇಳಿದ ರಾಜ್ಯೋತ್ಸವದ ಪ್ರಸಂಗ ನಡೆದದ್ದು ಆಗ. 1956ರ ನವೆಂಬರ್ 1ರಂದೇ ಆಂಧ್ರಪ್ರದೇಶವೂ ರೂಪುಗೊಂಡದ್ದರಿಂದ ‘ನಮ್ಮದೂ ಹಬ್ಬವೇ’ ಎಂದು ಅಳಿಯಂದಿರೂ ಸಮಾರಂಭಕ್ಕೆ ಬಂದಿದ್ದರು. ಅಂದು ಒಟ್ಟು ಮೂರು ಸಲ ಗೋಲಿ ಸಿಕ್ಕಿಕೊಂಡಿತು. ಮೂರನೆಯ ಸಲ ಗದ್ದಲದ ನಡುವೆ ಯಾರೋ ‘ಅಜ್ಜಾ, ಗುಂಡು ಸಿಕ್ಕೊಂಡೈತಿ!’ ಎಂದು ಕೂಗಿದ್ದು ಕೇಳಿ, ಹುಬ್ಬಳ್ಳಿ ಕಡೆಯ ಮಕ್ಕಳು ಯಾರು ಬಂದಿದ್ದಾರಪ್ಪ ಎಂದು ತಿರುಗಿ ನೋಡಿದೆ. ಕೂಗಿದವನಿಗೆ ತಾನು ಹಾಗೆ ಕೂಗಿದ್ದು ಗೊತ್ತಿದ್ದಂತೆ ಕಾಣಲಿಲ್ಲ. ನಾನೂ ಗೊತ್ತು ಮಾಡಿಸಲಿಲ್ಲ. ಇಕ್ಕಳ ತೆಗೆದುಕೊಂಡು ಹೋಗಿ ಮೊಳೆ ಬಗ್ಗಿಸಿದೆ.

2025ರ ಬೇಸಿಗೆಯಲ್ಲಿ ಅವನು ಬರಲಿಲ್ಲ. ತರಗತಿಗಳು ಶುರುವಾಗಿದ್ದವು. ಯಂತ್ರ ಈಗ ವಿಜಯವಾಡದಲ್ಲೇ ಇದೆ, ಅವನ ಓದುವ ಮೇಜಿನ ಕೆಳಗೆ. ಭಾನುವಾರ ಸಂಜೆ ಅರ್ಧ ಗಂಟೆ ಆಡಲು ಅಪ್ಪನ ಅಪ್ಪಣೆಯಿದೆಯಂತೆ. ಅದರಲ್ಲಿ ಹತ್ತು ನಿಮಿಷ ಅಪ್ಪನೇ ಆಡುತ್ತಾನೆಂದು ದೂರು. ಹೋದ ವಾರ ಫೋನು ಬಂತು. ‘ಅಜ್ಜಾ, ಎಡಗಡೆ ರೆಕ್ಕಿ ಏಳವಲ್ದು.’ ಪೆನ್ನಿನ ಕೊಳವೆ ಸವೆದಿರಬೇಕು, ಇಲ್ಲವೇ ಎಲೆ-ಸ್ವಿಚ್ಚಿಗೆ ಮಸಿ ಹಿಡಿದಿರಬೇಕು. ಫೋನಿನಲ್ಲಿ ಹೇಳಿ ತಿಳಿಯುವ ಕೆಲಸವಲ್ಲ. ಶನಿವಾರದ ರತ್ನಾಚಲ್‌ಗೆ ಟಿಕೆಟ್ ಮಾಡಿಸಿದ್ದೇನೆ. ಮರಳುಕಾಗದ, ಎರಡು ಖಾಲಿ ಪೆನ್ನು, ಸೈಕಲ್ ಟ್ಯೂಬಿನ ನಾಲ್ಕು ಉಂಗುರ ಚೀಲ ಸೇರಿವೆ. ನಮ್ಮ ಮನೆಯವರು ಜೊತೆಗೆ ತೊವ್ವೆಗೆಂದು ಒಂದು ಕೆ.ಜಿ. ಬೇಳೆಯನ್ನೂ ಕಟ್ಟಿದ್ದಾರೆ. ಅದರ ಚೀಟಿಯ ಮೇಲೆ ‘ಹಪ್ಪು’ ಎಂದು ಬರೆದಿದೆ.